ಕೆಂಪು ಅಂಕಿಯ ಬೆನ್ನು ಹತ್ತಿ ಗೋಣಿಕೊಪ್ಪಲಿಗೆ

ಪಂಚವಳ್ಳಿ ದಾಟಿದ ಮೇಲೆ ಹೊಗೆಸೊಪ್ಪಿನ ಬ್ಯಾರನ್‌ಗಳು ಮುಗಿದು ಕಾಡು ಶುರುವಾಗುತ್ತದೆ. ಆನೆಚೌಕೂರು ಗೇಟು, ಮತ್ತಿಗೋಡಿನ ಆನೆ ಶಿಬಿರ, ತಿತಿಮತಿ. ಮೈಸೂರಿನಿಂದ ಗೋಣಿಕೊಪ್ಪಲಿಗೆ ಸುಮಾರು 90 ಕಿಲೋಮೀಟರ್, ನೋಡುವವರಿಗೆ ಬೇಕಾದಷ್ಟಿದೆ. ದಸರಾ ಅಂಬಾರಿ ಹೊತ್ತ ಅಭಿಮನ್ಯು ಈ ಮತ್ತಿಗೋಡಿನವನೇ. ನಮ್ಮ ಕಾರು ಮಾತ್ರ ಆನೆಗಾಗಿ ಎಲ್ಲೂ ನಿಲ್ಲಲಿಲ್ಲ, ಹಂಪು ಬಂದಲ್ಲೆಲ್ಲ ತೆವಳಿತು. ಪ್ರತಿ ಹಂಪಿಗೂ ಅಕ್ಕನ ಮಗ ಹಿಂದಿನ ಸೀಟಿನ ಕಪ್ಪು ಪೆಟ್ಟಿಗೆಯತ್ತ ಒಮ್ಮೆ ಕಣ್ಣು ಹಾಯಿಸುತ್ತಿದ್ದ. ಕೊನೆಗೆ "ಮಾವ, ಬೇಜಾರಿಲ್ದೆ ಇದ್ರೆ ಅದನ್ನ ತೊಡೆ ಮೇಲೆ ಇಟ್ಕೊಳ್ಳಿ" ಎಂದ. ಅವನು ಬಯೋಮೆಡಿಕಲ್ ಎಂಜಿನಿಯರ್. ಪೆಟ್ಟಿಗೆಯಲ್ಲಿದ್ದದ್ದು ಆಪರೇಷನ್ ಥಿಯೇಟರಿನಲ್ಲಿ ಕರೆಂಟಿನಿಂದ ಕೊಯ್ದು ರಕ್ತ ನಿಲ್ಲಿಸುವ ಕಾಟರಿ ಮೆಷೀನು ಸುಳ್ಳು ಹೇಳುತ್ತಿದೆಯೋ ನಿಜ ಹೇಳುತ್ತಿದೆಯೋ ಎಂದು ಪರೀಕ್ಷಿಸುವ ಅನಲೈಸರ್.

ರೋಬಸ್ಟಾ ಕೊಯ್ಲಿನ ಕಾಲ. ಗೋಣಿಕೊಪ್ಪಲಿನ ಪೇಟೆಯಲ್ಲಿ ಜೀಪುಗಳಿಂದ ಚೆರ್ರಿ ಮೂಟೆ ಇಳಿಯುತ್ತಿತ್ತು. ಕಾಫಿ ವ್ಯಾಪಾರಿಯ ಅಂಗಡಿಯೊಂದರ ಮುಂದೆ ನಿಂತು ಎಲೆಕ್ಟ್ರಾನಿಕ್ ತಕ್ಕಡಿಯ ಕೆಂಪು ಅಂಕಿಗಳನ್ನು ನೋಡಿದೆ. ಬೆಳೆಗಾರನ ಕಣ್ಣೂ ಅಲ್ಲೇ, ವ್ಯಾಪಾರಿಯ ಕಣ್ಣೂ ಅಲ್ಲೇ. ತಕ್ಕಡಿಗಾದರೆ ಸರ್ಕಾರದ ಮುದ್ರೆ ಇರುತ್ತದೆ. ಅನುಮಾನ ಬಂದರೆ ಮೂಟೆಯನ್ನು ಪಕ್ಕದಂಗಡಿಗೆ ಹೊತ್ತು ಇನ್ನೊಮ್ಮೆ ತೂಗಿಸಬಹುದು. ಆಪರೇಷನ್ ಮೇಜಿನ ಮೇಲೆ ಪ್ರಜ್ಞೆ ತಪ್ಪಿ ಮಲಗಿದವನಿಗೆ ಆ ಅನುಕೂಲವಿಲ್ಲ.

ಆಸ್ಪತ್ರೆ ಚಿಕ್ಕದು. ಥಿಯೇಟರಿನ ಪಕ್ಕದ ಕೋಣೆಗೆ ಮೆಷೀನನ್ನು ತಳ್ಳಿಕೊಂಡು ಬಂದ ಸಿಸ್ಟರ್, "ಹನ್ನೆರಡಕ್ಕೆ ಕೇಸಿದೆ ಸರ್, ಅಷ್ಟರಲ್ಲಿ ಕೊಡ್ಬೇಕು" ಎಂದು ತಾಕೀತು ಮಾಡಿ ಹೋದರು. ಮೆಷೀನಿನ ಮುಖದ ಮೇಲೆ ಮೂರು ಕಿಟಕಿ: ಬೈಪೋಲಾರ್, ಕಟ್, ಕೋಯಾಗ್. ಕಾಲಿನ ಕೆಳಗೆ ಎರಡು ಪೆಡಲ್, ಕೊಯ್ಯಲು ಹಳದಿ, ರಕ್ತ ನಿಲ್ಲಿಸಲು ನೀಲಿ. ಸ್ವಿಚ್ ಹಾಕಿದ್ದೇ ತಡ, ಎಲ್ಲ ಕಿಟಕಿಗಳಲ್ಲೂ 888 ಎಂದು ಬೆಳಗಿತು. ಅಲಂಕಾರವೆಂದುಕೊಂಡೆ. ಅಲ್ಲವಂತೆ. ಪ್ರತಿ ಅಂಕಿಯೂ ಏಳು ದೀಪದ ಗೀಟುಗಳಿಂದಾದದ್ದು. ಎಡಗಡೆಯ ಕೆಳಗಿನ ಗೀಟೊಂದು ಸತ್ತರೆ 6 ಎಂಬುದು 5 ಆಗುತ್ತದೆ, 8 ಎಂಬುದು 9. ಒಳಗಿನ ಯಂತ್ರ 60 ವಾಟ್ ಕೊಡುತ್ತಿರುತ್ತದೆ, ಡಾಕ್ಟರು 50 ಎಂದು ಓದುತ್ತಾರೆ. ಏಳೂ ಗೀಟು ಬದುಕಿವೆ ಎಂದು ತೋರಿಸಬಲ್ಲ ಅಂಕಿ 8 ಒಂದೇ. ಹಾಗಾಗಿ ದಿನಾ ಬೆಳಿಗ್ಗೆ ಮೆಷೀನು ಆ ಲೆಕ್ಕ ಒಪ್ಪಿಸುತ್ತದೆ. ನೋಡುವ ಕಣ್ಣು ಎದುರಿಗಿದ್ದರೆ.

"ಮೊಬೈಲ್‌ನಲ್ಲಿ ವಿಡಿಯೋ ಮಾಡಿ ನೋಡಿ ಮಾವ" ಎಂದ. ಮಾಡಿದೆ. ಬರಿಗಣ್ಣಿಗೆ ಗಟ್ಟಿಯಾಗಿ ನಿಂತಿದ್ದ ಅಂಕಿಗಳು ಪರದೆಯಲ್ಲಿ ಮಿಣಮಿಣ ಎನ್ನುತ್ತಾ ಒಂದು ಹೋಗಿ ಇನ್ನೊಂದು ಬರುತ್ತಿದ್ದವು! ತಂತಿ ಉಳಿಸಲೆಂದು ಅಂಕಿಗಳನ್ನು ಒಟ್ಟಿಗೆ ಬೆಳಗಿಸದೆ ಸರದಿಯ ಮೇಲೆ ಬೆಳಗಿಸುತ್ತಾರೆ. ಸರದಿ ಎಷ್ಟು ವೇಗವೆಂದರೆ ಕಣ್ಣಿಗೆ ತಿಳಿಯುವುದಿಲ್ಲ. ಇಷ್ಟು ವರ್ಷ ಇಂಥ ಕೆಂಪು ಅಂಕಿಗಳನ್ನು ನೋಡುತ್ತಾ ಬಂದವನಿಗೆ ಇದು ಗೊತ್ತಾಗಲು ಗೋಣಿಕೊಪ್ಪಲಿಗೇ ಬರಬೇಕಾಯಿತು.

ಆದರೆ ಬೆರಗಿನ ದೊಡ್ಡ ಪಾಲು ಹಿಂದಿನ ತಂತಿಯಲ್ಲಿದೆ. ಮನೆಯ ಕರೆಂಟು ಸೆಕೆಂಡಿಗೆ 50 ಬಾರಿ ಹಿಂದೆಮುಂದೆ ಓಡಾಡುತ್ತದೆ. ಅದರ 100 ಮಿಲಿಆಂಪಿಯರ್ ಎದೆ ಹಾದು ಹೋದರೆ ಪ್ರಾಣವೇ ಹೋಗಬಹುದು. ಈ ಮೆಷೀನು ಅದರ ನಾಲ್ಕೈದು ಪಟ್ಟು ಕರೆಂಟನ್ನು ಮೈಯೊಳಗೆ ಹರಿಸುತ್ತದೆ, ಹೃದಯ ಅದನ್ನು ಗಮನಿಸುವುದೇ ಇಲ್ಲ. ಇದರ ಕರೆಂಟು ಸೆಕೆಂಡಿಗೆ ಮೂರರಿಂದ ಐದು ಲಕ್ಷ ಬಾರಿ ಹಾಗೆ ಓಡಾಡುತ್ತದೆ, ಆ ವೇಗಕ್ಕೆ ನರ-ಸ್ನಾಯುಗಳು ಪ್ರತಿಕ್ರಿಯಿಸಲಾರವು. ಇದನ್ನು 1890ರ ದಶಕದಲ್ಲೇ ಫ್ರಾನ್ಸಿನ ವಿಜ್ಞಾನಿ ದಾರ್ಸೊನ್ವಾಲ್ ತೋರಿಸಿದ್ದ. ಅದನ್ನು ಶಸ್ತ್ರವೈದ್ಯರ ಕೈಗೆ ಒಪ್ಪುವ ಯಂತ್ರ ಮಾಡಿಕೊಟ್ಟವನು ವಿಲಿಯಂ ಬೋವಿ, ಓದಿನಲ್ಲಿ ಸಸ್ಯಶಾಸ್ತ್ರದ ಡಾಕ್ಟರೇಟ್ ಪಡೆದವನು. (ಕಾಫಿ ಗಿಡಗಳ ನಡುವೆ ಈ ಸಂಗತಿ ಕೇಳಿ ನನಗೇಕೋ ಖುಷಿಯಾಯಿತು.) 1926ರ ಅಕ್ಟೋಬರ್ 1ರಂದು ಬಾಸ್ಟನ್ನಿನಲ್ಲಿ ಮಿದುಳಿನ ಶಸ್ತ್ರವೈದ್ಯ ಹಾರ್ವೆ ಕುಶಿಂಗ್, ರಕ್ತ ಸುರಿದು ಕೆಲ ದಿನಗಳ ಹಿಂದೆ ಅರ್ಧಕ್ಕೇ ಬಿಟ್ಟಿದ್ದ ತಲೆಯ ಗೆಡ್ಡೆಯೊಂದನ್ನು ಬೋವಿಯ ಯಂತ್ರದ ನೆರವಿನಿಂದ ತೆಗೆದ.

ಹುಡುಗ ಪೇಟೆಯಿಂದ ಒಂದು ತುಂಡು ಹಂದಿಮಾಂಸ ತರಿಸಿದ್ದ. ಕೊಡಗಲ್ಲವೇ, ಸಿಗುವುದು ಕಷ್ಟವಿಲ್ಲ. ಪೇಷೆಂಟ್ ಪ್ಲೇಟಿನ ಮೇಲೆ ಅದನ್ನಿಟ್ಟು ಹಳದಿ ಪೆಡಲ್ ಒತ್ತಿದ. ಮೊನೆ ತಾಗಿದಲ್ಲಿ ಮಾಂಸ ತಾನಾಗಿ ಬಿಟ್ಟುಕೊಂಡಿತು, ಅಂಚು ಕಪ್ಪಾಗಲೂ ಇಲ್ಲ. ನೀಲಿ ಒತ್ತಿದಾಗ ಚಿಟಚಿಟ ಕಿಡಿ, ಕಮಟು ಹೊಗೆ, ಕರಕು. ಮೊದಲನೆಯದರಲ್ಲಿ ಕರೆಂಟು ಬಿಡದೆ ಹರಿಯುತ್ತದೆ. ಎರಡನೆಯದರಲ್ಲಿ ನೂರರಲ್ಲಿ ಸುಮಾರು ಆರು ಪಾಲು ಹೊತ್ತು ಮಾತ್ರ, ಆದರೆ ಸಾವಿರಾರು ವೋಲ್ಟಿನ ಹೊಡೆತವಾಗಿ. ಮೊನೆ ಚೂಪಾದ್ದರಿಂದ ಬಿಸಿಯೆಲ್ಲ ಅಲ್ಲೇ. ಅಷ್ಟೇ ಕರೆಂಟು ವಾಪಸು ಹೋಗುವ ಪ್ಲೇಟು ಅಗಲವಾದ್ದರಿಂದ ಅಲ್ಲಿ ತಣ್ಣಗೆ. ಪ್ಲೇಟು ಅರ್ಧ ಕಿತ್ತುಬಂದರೆ ಅಂಟಿ ಉಳಿದ ತುಣುಕಿನಲ್ಲೇ ರೋಗಿಯ ಚರ್ಮ ಸುಡುತ್ತದೆ. ಅದಕ್ಕೇ ಪ್ಲೇಟನ್ನು ಎರಡು ಭಾಗ ಮಾಡಿ, ಅವುಗಳ ನಡುವಿನ ತಡೆಯನ್ನು ಮೆಷೀನು ಸದಾ ಅಳೆಯುತ್ತಿರುತ್ತದೆ. ಅವನು ಮಾಂಸವನ್ನು ಒಂದು ಭಾಗದಿಂದ ಎತ್ತಿದ. ಕೆಂಪು ದೀಪ, ಕೂಗು, ಕರೆಂಟು ಬಂದ್.

ಇನ್ನು ಅಸಲಿ ಕೆಲಸ. ಕಿಟಕಿಯಲ್ಲಿ ಕಾಣುವ 60 ಎಂಬುದು ಅಳತೆಯಲ್ಲ, ಬೇಡಿಕೆ. ಎಷ್ಟು ಸಿಕ್ಕಿತು ಎಂದು ಹೇಳುವುದು ತೊಡೆಯ ಮೇಲೆ ಬಂದ ಪೆಟ್ಟಿಗೆ. ರೋಗಿಯ ಬದಲು ಅದರೊಳಗೆ ಗೊತ್ತಾದ ತಡೆಯ ರೆಸಿಸ್ಟರುಗಳಿವೆ. ಕಟ್‌ಗೆ 300 ಓಂ ಇಟ್ಟು 60 ವಾಟ್ ಕೇಳಿದ. 440 ಮಿಲಿಆಂಪಿಯರ್, 58 ವಾಟ್. ಅಂತರರಾಷ್ಟ್ರೀಯ ಮಾನದಂಡ ಶೇಕಡಾ 20ರಷ್ಟು ಹೆಚ್ಚುಕಡಿಮೆಯನ್ನು ಒಪ್ಪುತ್ತದೆ, ಪಾಸು. ಕೋಯಾಗ್‌ಗೆ 500 ಓಂ ಇಟ್ಟು 35 ಕೇಳಿದರೆ ಬಂದದ್ದು 27. ಮತ್ತೆ ಒತ್ತಿದ, ಮತ್ತೆ 27. ಕೇಬಲ್ ಬದಲಿಸಿದರೂ ಅಷ್ಟೇ. ಕಿಟಕಿ ಮಾತ್ರ ಕದಲದೆ 35 ಎನ್ನುತ್ತಿತ್ತು.

ಸರ್ವಿಸ್ ಮೋಡ್‌ಗೆ ಹೋಗಿ, ಮೆಷೀನಿನ ನೆನಪಿನಲ್ಲಿದ್ದ ತಿದ್ದುಪಡಿಯ ಅಂಕಿಯನ್ನು ಗುಂಡಿ ಒತ್ತಿ ಒತ್ತಿ ಮೇಲೇರಿಸಿದ. 29, 32, 34. ಉಳಿಸಿದ. ಎಲ್ಲ ಮೆಟ್ಟಿಲಲ್ಲೂ ಮತ್ತೆ ಪರೀಕ್ಷಿಸಿದ, ಸ್ಟಿಕರ್ ಅಂಟಿಸಿದ. ನಾನು ಊಟಕ್ಕೆ ಎದ್ದೆ, ಅವನು ಏಳಲಿಲ್ಲ. "ಡಾಕ್ಟರನ್ನ ನೋಡ್ದೆ ಹೋಗೋ ಹಾಗಿಲ್ಲ ಮಾವ."

ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತಾ ಬಂದರು.

"ಕೋಯಾಗ್ ಎಷ್ಟಕ್ಕೆ ಇಡ್ತೀರಿ ಮೇಡಂ?"

"ಮೊದ್ಲು 35. ಈಚೆಗೆ 45 ಇಟ್ರೇನೇ ರಕ್ತ ನಿಲ್ತಿದೆ, ಪ್ಲೇಟು ಸರಿ ಅಂಟಿಲ್ವೇನೋ ಅಂದ್ಕೊಂಡಿದ್ದೆ."

ಕಾಗದದ ಮೂಲೆಯಲ್ಲಿ ಲೆಕ್ಕ ಹಾಕಿದೆವು. ಆ ಮೆಷೀನಿನ 45 ಎಂದರೆ ಸರಿಯಾಗಿ 35ರ ಹತ್ತಿರ. ಅಂಕಿ ಜಾರಿದ್ದು ಯಾರಿಗೂ ತಿಳಿಯದಿದ್ದರೂ ಅವರ ಕೈ ಅಷ್ಟನ್ನೇ ತುಂಬಿಕೊಡುತ್ತಾ ಬಂದಿತ್ತು.

"ಇವತ್ತಿನ ಕೇಸಿಗೆ 45 ಇಟ್ರೆ ಜಾಸ್ತಿ ಸುಡುತ್ತೆ ಮೇಡಂ. 30ರಿಂದ ಶುರು ಮಾಡಿ."

ಅವರು ಸಿಸ್ಟರನ್ನು ಕರೆದು ಅದನ್ನೇ ಥಿಯೇಟರಿನ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿದರು.