ಊರಿಂದ ವಾಪಸ್ ಬಂದಾಗ ಕಾರು ಅಲುಗದಿದ್ದರೆ

ಆಗಸ್ಟ್ ಕೊನೆಯ ವಾರ ಬಂತೆಂದರೆ ಶಾರ್ಜಾದಲ್ಲಿ ನಮ್ಮ ಕಟ್ಟಡದ ಹಿಂದಿರುವ ಮಣ್ಣಿನ ಪಾರ್ಕಿಂಗಿಗೆ ಮತ್ತೆ ಜೀವ ಬರುತ್ತದೆ. ರಜೆಗೆ ಹೋದವರು ಒಬ್ಬೊಬ್ಬರಾಗಿ ಊರಿಂದ ಬರುತ್ತಾರೆ, ತಿಂಗಳುಗಟ್ಟಲೆ ನಿಂತ ಕಾರುಗಳ ಧೂಳು ಒರೆಸುತ್ತಾರೆ, ಪಕ್ಕದವರ ಕಾರಿಂದ ಬ್ಯಾಟರಿಗೆ ಕೇಬಲ್ ಕೊಡಿಸಿ ಸ್ಟಾರ್ಟ್ ಮಾಡುತ್ತಾರೆ. ಬ್ಯಾಟರಿ ಇಳಿಯುವುದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಇನ್ನೊಂದು ಕಾಯಿಲೆ ಅದರ ಹಿಂದೆ ಕೂತಿರುತ್ತದೆ. ಎಂಜಿನ್ ಚಾಲೂ ಆಗುತ್ತದೆ, ಗೇರ್ ಬೀಳುತ್ತದೆ, ಹ್ಯಾಂಡ್‌ಬ್ರೇಕ್ ಪೂರ್ತಿ ಕೆಳಗೆ ಇಳಿದಿರುತ್ತದೆ. ಆದರೂ ಕಾರು ಮುಂದೆ ಹೋಗುವುದಿಲ್ಲ, ಹಿಂದಿನಿಂದ ಯಾರೋ ಹಗ್ಗ ಕಟ್ಟಿ ಹಿಡಿದ ಹಾಗೆ ಹಿಂಭಾಗ ಕುಗ್ಗಿ ಕುಳಿತುಬಿಡುತ್ತದೆ. ಹಿಂದಿನ ಬ್ರೇಕ್ ಜಾಮ್.

ನಮ್ಮ ರೂಮಿನಲ್ಲಿ ನಾವು ಐದು ಜನ. ಬೀದರ್ ಕಡೆಯ ಅಣ್ಣ ಒಬ್ಬರು, ಕುಂದಾಪುರದವನೊಬ್ಬ, ಹಾಸನದ ಇಬ್ಬರು, ರಾಯಚೂರಿನವನೊಬ್ಬ. ಕಾರು ಒಂದೇ, ಹಳೆಯ ಜಪಾನಿ ಗಾಡಿ. ಮುಲ್ಕಿಯಾ ಅಣ್ಣನ ಹೆಸರಿನಲ್ಲಿದೆ, ಲೈಸೆನ್ಸ್ ಇರುವುದು ಅವರಿಗೆ ಮತ್ತು ಕುಂದಾಪುರದವನಿಗೆ ಮಾತ್ರ. ಈ ಸಲ ಇಬ್ಬರೂ ಒಂದೇ ಸಮಯಕ್ಕೆ ಊರಿಗೆ ಹೋಗಿದ್ದರಿಂದ ಕಾರು ನಲವತ್ತು ದಿನ ನಿಂತಲ್ಲೇ ನಿಂತಿತ್ತು. ಇಬ್ಬರೂ ಬಂದಿಳಿದಿದ್ದು ಶನಿವಾರ ರಾತ್ರಿ. ಸೋಮವಾರ ಬೆಳಗ್ಗೆ ಐದಕ್ಕೆ ಜೆಬೆಲ್ ಅಲಿ ಕಡೆ ಹೊರಡಬೇಕು. ಅಷ್ಟು ದೂರ ಟ್ಯಾಕ್ಸಿ ಹಿಡಿದರೆ ಆ ದಿನದ ದುಡಿಮೆ ಟ್ಯಾಕ್ಸಿಯವನಿಗೇ ಹೋಯಿತು. ಹೋಗದೆ ಇದ್ದರೆ ಸಂಬಳ ಕಟ್. ಭಾನುವಾರ ಬೆಳಗ್ಗೆ ಕಾರು ಅಲುಗಲಿಲ್ಲ.

ಇದು ಯಾಕೆ ಆಗುತ್ತದೆ ಎನ್ನುವುದು ಕಷ್ಟದ ವಿಷಯವೇನಲ್ಲ. ನಮ್ಮಂಥವರ ಕಾರುಗಳಲ್ಲಿ ಹಿಂದಿನ ಚಕ್ರಕ್ಕೆ ಬಹಳಷ್ಟು ಸಲ ಡ್ರಮ್ ಬ್ರೇಕ್ ಇರುತ್ತದೆ. ಬೋಗುಣಿಯಂಥ ಎರಕದ ಕಬ್ಬಿಣದ ಡ್ರಮ್, ಅದರೊಳಗೆ ಅರ್ಧಚಂದ್ರದ ಹಾಗೆ ಎರಡು ಶೂ. ಹ್ಯಾಂಡ್‌ಬ್ರೇಕ್ ಎಳೆದರೆ ಕೇಬಲ್ ಆ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತಿ ಹಿಡಿಯುತ್ತದೆ. ಹಾಗೆ ಒತ್ತಿದ ಜಾಗಕ್ಕೆ ತೇವ ಸೇರಿದರೆ ಕಬ್ಬಿಣ ತುಕ್ಕು ಹಿಡಿದು ಶೂವಿನ ಲೈನರಿಗೆ ಅಂಟಿಕೊಳ್ಳುತ್ತದೆ. ಇನ್ನು ಕೆಲವು ಸಲ ಡ್ರಮ್ ಸರಿಯಾಗೇ ಇದ್ದು ಕೇಬಲ್ಲೇ ತನ್ನ ಕೊಳವೆಯೊಳಗೆ ತುಕ್ಕು ಹಿಡಿದು ವಾಪಸ್ ಸರಿಯುವುದಿಲ್ಲ. ಮರಳುಗಾಡಿನಲ್ಲಿ ತೇವ ಎಲ್ಲಿಂದ ಅಂತ ಊರಿನವರು ಕೇಳುತ್ತಾರೆ. ಆಗಸ್ಟ್ ರಾತ್ರಿ ಇಲ್ಲಿ ಬಂದು ನಿಂತವರಿಗೆ ಗೊತ್ತು. ಸಮುದ್ರದ ಉಪ್ಪು ಗಾಳಿ, ಬೆಳಗಿನ ಜಾವ ಕಾರಿನ ಗಾಜಿನಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಅದರ ಮೇಲೆ ತಿಂಗಳ ಲೆಕ್ಕಕ್ಕೆ ಕಾರು ತೊಳೆಯುವವರು ಬಕೆಟ್ ನೀರು ಹಾಕಿ ಚಕ್ರವನ್ನೂ ಉಜ್ಜಿ ಹೋಗುತ್ತಾರೆ, ಅದು ಅವರ ಕೆಲಸ. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಸ್ಕೂಟರ್ ನಾಲ್ಕು ದಿನ ನಿಂತರೆ ಹಿಂದಿನ ಚಕ್ರ ಹಿಡಿಯುತ್ತದಲ್ಲ, ಅದೇ ಕಥೆ. ಕೆನಡಾದಲ್ಲಿರುವ ನಮ್ಮವರಿಗೆ ತುಕ್ಕಿನ ಜೊತೆಗೆ ಮಂಜುಗಡ್ಡೆಯೂ ಹಿಡಿಯುತ್ತದೆ.

ಕಾರು ಅಲುಗಲಿಲ್ಲ ಅಂದ ತಕ್ಷಣ ಪಾರ್ಕಿಂಗಿನಲ್ಲಿ ಹತ್ತು ಜನ ಮೆಕ್ಯಾನಿಕ್‌ಗಳು ಹುಟ್ಟಿಕೊಂಡರು. ಒಬ್ಬರು "ಜೋರಾಗಿ ರೇಸ್ ಕೊಡಿ, ಕಿತ್ಕೊಂಡು ಬರ್ತದೆ" ಅಂದರು. ಇನ್ನೊಬ್ಬರು ಎಣ್ಣೆ ಸ್ಪ್ರೇ ಡಬ್ಬ ಹಿಡಿದು ಬಂದೇಬಿಟ್ಟರು. ಆಗ ನಮ್ಮ ಅಣ್ಣ, ಊರಲ್ಲಿ ಎಂಟು ವರ್ಷ ಲಾರಿ ಕ್ಲೀನರ್ ಆಗಿದ್ದವರು, ಕೈ ಅಡ್ಡ ಹಿಡಿದರು. "ಏ ತಮ್ಮಾ, ಬ್ರೇಕಿಗಿ ಎಣ್ಣಿ ಹಚ್ಚಿದ್ರ ಗಾಡಿ ಹೊಂಡತದ, ಆದ್ರ ನಿಂದ್ರೂದಿಲ್ಲ ನೋಡು!" ಅಂದರು. ಮಾತು ಖರೆ. ಲೈನರಿಗೆ ಎಣ್ಣೆ ಕುಡಿಸಿದರೆ ಆ ಚಕ್ರಕ್ಕೆ ಬ್ರೇಕೇ ಇಲ್ಲ. ಜೋರಾಗಿ ರೇಸ್ ಕೊಟ್ಟರೆ ಕ್ಲಚ್ ಸುಡುತ್ತದೆ, ಅಥವಾ ಅಂಟಿದ ಲೈನರ್ ಶೂವಿನಿಂದ ಕಿತ್ತು ಡ್ರಮ್ಮಿನೊಳಗೇ ಬೀಳುತ್ತದೆ. ಕಾರು ಹೊರಟಿತು ಅಂತ ಖುಷಿಪಟ್ಟು ಹೈವೇಗೆ ಹೋದವನಿಗೆ ಅದು ಗೊತ್ತಾಗುವುದು ಮೊದಲನೇ ಜೋರು ಬ್ರೇಕಿನಲ್ಲಿ.

ಅಣ್ಣ ಮಾಡಿದ್ದು ಹೀಗೆ. ಹ್ಯಾಂಡ್‌ಬ್ರೇಕನ್ನು ಹತ್ತು ಸಲ ಎಳೆದು ಬಿಟ್ಟರು. ಮೀಟರಿನ ಕೆಂಪು ದೀಪ ಆರಿದ್ದನ್ನು ನೋಡಿಕೊಂಡರು. ಆಮೇಲೆ ಫಸ್ಟ್ ಗೇರಿನಲ್ಲಿ ಒಂದು ಚೂರು, ರಿವರ್ಸಿನಲ್ಲಿ ಒಂದು ಚೂರು, ತೊಟ್ಟಿಲು ತೂಗಿದ ಹಾಗೆ. ಎಷ್ಟೋ ಸಲ ಇಷ್ಟಕ್ಕೇ 'ಟಕ್' ಅಂತ ಬಿಡುತ್ತದೆ. ನಮ್ಮದರಲ್ಲಿ ಬಲಗಡೆಯದು ಬಿಟ್ಟಿತು, ಎಡಗಡೆಯದು ಬಿಡಲಿಲ್ಲ, ಆ ಚಕ್ರ ಮಣ್ಣಿನಲ್ಲಿ ಉಜ್ಜಿಕೊಂಡೇ ಬಂತು.

ಆಗ ಜ್ಯಾಕ್ ತೆಗೆಯಬೇಕಾಯಿತು. ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇವೆ, ಉಳಿದದ್ದನ್ನು ಮರೆತರೂ ಇದನ್ನು ಮರೆಯಬೇಡಿ. ಮಣ್ಣಿನ ಮೇಲೆ ಜ್ಯಾಕ್ ನಿಲ್ಲುವುದಿಲ್ಲ, ಹೂತುಹೋಗುತ್ತದೆ ಇಲ್ಲವೇ ವಾಲುತ್ತದೆ. ಕೆಳಗೆ ದಪ್ಪ ಹಲಗೆ ಇರಲಿ. ಹ್ಯಾಂಡ್‌ಬ್ರೇಕ್ ಬಿಟ್ಟಿರುವುದರಿಂದ ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಅಡಿ ಕೈಯಾಗಲಿ ತಲೆಯಾಗಲಿ ಹೋಗಕೂಡದು. ಸೈಟಿನಲ್ಲಿ ಸೇಫ್ಟಿಯವರು ಹೇಳಿದರೆ ಕೇಳುತ್ತೇವೆ, ಪಾರ್ಕಿಂಗಿನಲ್ಲಿ ಹೇಳುವವರು ಯಾರೂ ಇರುವುದಿಲ್ಲ.

ಚಕ್ರ ಬಿಚ್ಚಿ, ಡ್ರಮ್ಮಿನ ಅಂಚಿಗೆ ಸುತ್ತಲೂ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಬೋಲ್ಟುಗಳ ಮೇಲೆ ಏಟು ಬೀಳಬಾರದು. ಏಳೆಂಟು ಏಟಿಗೆ ಡ್ರಮ್ ತಿರುಗಿತು, ಆದರೆ ಬಿಗಿಯಾಗಿ, ಉಜ್ಜುವ ಸದ್ದಿನೊಂದಿಗೆ. "ಬಿಡ್ತು ಮಾರಾಯ, ಹೋಗುವ" ಅಂತ ಕುಂದಾಪುರದವನು ಕುಣಿದ. ಅಣ್ಣ ಒಪ್ಪಲಿಲ್ಲ.

ಚಕ್ರ ಹಾಕಿ, ಕಟ್ಟಡದ ಸುತ್ತ ನಾಲ್ಕು ರೌಂಡ್ ನಿಧಾನಕ್ಕೆ ಓಡಿಸಿ ತಂದು, ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿದೆವು. ಮುಟ್ಟಬಾರದು, ಸುಡುತ್ತದೆ. ಮೂರು ಚಕ್ರ ತಣ್ಣಗಿದ್ದವು. ಎಡ ಹಿಂದಿನದರಿಂದ ಒಲೆಯ ಮುಂದೆ ಕೂತ ಹಾಗೆ ಕಾವು, ಜೊತೆಗೆ ಸುಟ್ಟ ವಾಸನೆ. ನಾಲ್ಕು ರೌಂಡಿಗೇ ಹೀಗಾದರೆ ಎಮಿರೇಟ್ಸ್ ರೋಡಿನಲ್ಲಿ ಐದು ಜನರನ್ನು ಕೂರಿಸಿಕೊಂಡು ನೂರರ ಮೇಲೆ ಹೋಗುವಾಗ ಏನಾದೀತು? ಹಿಡಿದುಕೊಂಡ ಬ್ರೇಕ್ ಕಾದು ಬ್ರೇಕ್ ಆಯಿಲ್ ಕುದಿಯಬಹುದು, ಆಗ ಪೆಡಲ್ ಒತ್ತಿದರೆ ಹತ್ತಿಯ ಮೇಲೆ ಕಾಲಿಟ್ಟ ಹಾಗೆ ಕೆಳಗೆ ಹೋಗುತ್ತದೆ. ಬೇರಿಂಗಿನ ಗ್ರೀಸ್ ಕರಗಬಹುದು, ಟೈರ್ ಹೋಗಬಹುದು, ಬೆಂಕಿಯೂ ಹತ್ತಬಹುದು. ನಮ್ಮಲ್ಲಿ ಇಬ್ಬರಿಗೆ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಒಬ್ಬನ ಮದುವೆ ಡಿಸೆಂಬರಿಗೆ. ಸೋಮವಾರದ ಸಂಬಳ ಹೋದರೆ ಹೋಗಲಿ ಅಂತ ಐದೂ ಜನ ಒಂದೇ ಮಾತಿಗೆ ಬಂದೆವು. ರೂಮಿನಲ್ಲಿ ಅಡುಗೆ ಪಾಳಿಯ ವಿಷಯಕ್ಕೂ ನಾವು ಅಷ್ಟು ಬೇಗ ಒಮ್ಮತಕ್ಕೆ ಬಂದವರಲ್ಲ.

ಫೋನಿನಲ್ಲಿ ಕೇಳಿದ ಮೊದಲ ಗ್ಯಾರೇಜಿನವರು ಗಾಡಿ ನೋಡದೆಯೇ ಡ್ರಮ್, ಶೂ, ಸಿಲಿಂಡರ್, ಕೇಬಲ್ ಎಲ್ಲ ಬದಲಿಸಬೇಕು, ಏಳುನೂರು ದಿರ್ಹಮ್ ಅಂದರು. ಇಂಡಸ್ಟ್ರಿಯಲ್ ಏರಿಯಾದ ಪರಿಚಯದ ಪೇಶಾವರದ ಉಸ್ತಾದರು "ಪೆಹಲೇ ಖೋಲ್ ಕೇ ದೇಖೇಂಗೇ" ಅಂದರು. ರಿಕವರಿ ಗಾಡಿಯಲ್ಲಿ ಒಯ್ದೆವು. ಬಿಚ್ಚಿ ನೋಡಿದರೆ ಡ್ರಮ್ಮಿಗೆ ಏನೂ ಆಗಿರಲಿಲ್ಲ, ಅವರು ಎಮರಿ ಪೇಪರಿನಿಂದ ತುಕ್ಕು ತೆಗೆದರು. ಎಡಗಡೆಯ ಕೇಬಲ್ ಕೊಳವೆಯೊಳಗೆ ಸತ್ತು ಕೂತಿತ್ತು, ಲೈನರಿನ ಒಂದು ಮೂಲೆ ಎದ್ದಿತ್ತು. ಶೂಗಳನ್ನು ಎರಡೂ ಕಡೆ ಬದಲಿಸಿದರು. ಒಂದೇ ಕಡೆ ಬದಲಿಸಿದರೆ ಬ್ರೇಕ್ ಹೊಡೆದಾಗ ಗಾಡಿ ಒಂದು ಕಡೆ ಎಳೆಯುತ್ತದಂತೆ. ಹಳೆಯ ಸಾಮಾನನ್ನು ಕೈಗೆ ಕೊಟ್ಟು ತೋರಿಸಿದರು. ರಿಕವರಿ ಸೇರಿ ಮುನ್ನೂರೈವತ್ತು, ತಲೆಗೆ ಎಪ್ಪತ್ತು. ಸೋಮವಾರ ನಾಲ್ವರು ಪಕ್ಕದ ಕಟ್ಟಡದವರ ಗಾಡಿಗಳಲ್ಲಿ ಹಂಚಿಕೊಂಡು ಹೋದೆವು. ಅಣ್ಣ ಗ್ಯಾರೇಜಿನಲ್ಲಿ ಉಳಿದರು, ಅವರ ಆ ದಿನದ ಸಂಬಳವನ್ನು ಉಳಿದವರು ತುಂಬಿಕೊಟ್ಟೆವು.

ಈಗ ಯಾರೇ ಊರಿಗೆ ಹೊರಟರೂ ನಮ್ಮಲ್ಲಿ ಪದ್ಧತಿ ಹೀಗಿದೆ. ಕಾರು ತೊಳೆಸಿದ್ದರೆ ಒಂದೆರಡು ಕಿಲೋಮೀಟರ್ ಓಡಿಸಿ, ಮೆಲ್ಲಗೆ ಬ್ರೇಕ್ ಒತ್ತಿ ಒಣಗಿಸಿಯೇ ನಿಲ್ಲಿಸುವುದು. ಇಳಿಜಾರು ಇಲ್ಲದ ಜಾಗ ನೋಡಿ, ಫಸ್ಟ್ ಗೇರಿನಲ್ಲಿ ಬಿಟ್ಟು, ಆಟೋಮ್ಯಾಟಿಕ್ ಆದರೆ 'ಪಿ'ಯಲ್ಲಿಟ್ಟು, ಚಕ್ರಕ್ಕೆ ಎರಡೂ ಕಡೆ ಮರದ ತುಂಡು ಕೊಟ್ಟು ಹ್ಯಾಂಡ್‌ಬ್ರೇಕ್ ಬಿಡುವುದು. ಇಳಿಜಾರಿನಲ್ಲಿ ಮಾತ್ರ ಈ ಉಪಾಯ ಬೇಡ. ಬಟನ್ ಒತ್ತುವ ಹ್ಯಾಂಡ್‌ಬ್ರೇಕ್ ಇರುವ ಹೊಸ ಗಾಡಿಯವರು ಗಾಡಿಯ ಪುಸ್ತಕ ನೋಡಿ, ಕೆಲವು ಗಾಡಿ ಆಫ್ ಮಾಡಿದ ಕೂಡಲೇ ತಾವೇ ಬ್ರೇಕ್ ಹಿಡಿಯುತ್ತವೆ.

ರಾಯಚೂರಿನವನು ಡ್ರೈವಿಂಗ್ ಕ್ಲಾಸಿಗೆ ಸೇರಿದ್ದಾನೆ. ಫೀಸು ಕೇಳಿದರೆ ಎದೆ ಒಡೆಯುತ್ತದೆ, ಆದರೂ ಮೂರನೆಯ ಲೈಸೆನ್ಸ್ ಬಂದರೆ ವಾರಕ್ಕೊಮ್ಮೆ ಗಾಡಿ ಹೊರಗೆ ತೆಗೆಯಲು ಯಾರಾದರೂ ಒಬ್ಬರು ಇಲ್ಲೇ ಇರುತ್ತಾರೆ. ಅಲ್ಲಿಯವರೆಗೆ ಎರಡು ಮರದ ತುಂಡು, ಒಂದು ಹಲಗೆ ನಮ್ಮ ಡಿಕ್ಕಿಯಲ್ಲಿವೆ. ಹತ್ತಿರದವರಿಗೆ ಬೇಕಾದರೆ ಸಂಜೆ ಏಳರ ಮೇಲೆ ಬಂದು ಕೇಳಿ, ಕೊಡುತ್ತೇವೆ.