ಸಂತೆಗೆ ಮುಂಚೆ ಅರ್ಜಿ

ನಾನು ಪೇಟೆಂಟ್ ಏಜೆಂಟ್. ಹಾಸನದಲ್ಲಿ ಹಾಗೆಂದರೆ ಎದುರಿನವರು ತಕ್ಷಣ, ‘ಬೇಡ ಸಾರ್, ಪಾಲಿಸಿ ಆಗಲೇ ಮಾಡಿಸಿದ್ದೀನಿ’ ಎಂದು ಎದ್ದುಬಿಡುತ್ತಾರೆ. ಹೊಸದನ್ನು ಕಂಡುಹಿಡಿದವರ ಪರವಾಗಿ ಚೆನ್ನೈ ಪೇಟೆಂಟ್ ಕಚೇರಿಗೆ ಅರ್ಜಿ ಹಾಕುವವನು ಎಂದು ಬಿಡಿಸಿ ಹೇಳಿದರೆ ಮತ್ತೆ ಕೂರುತ್ತಾರೆ.

ಪೇಟೆಂಟ್ ಬೇಕೆಂದರೆ ಆ ಸಂಗತಿ ಜಗತ್ತಿನಲ್ಲಿ ಎಲ್ಲೂ ಅಚ್ಚಾಗಿರಬಾರದು, ನಮ್ಮ ದೇಶದಲ್ಲಿ ಬಹಿರಂಗವಾಗಿ ಬಳಕೆಯಾಗಿರಬಾರದು. ಅಂದರೆ ಅರ್ಜಿ ಬೀಳುವ ತನಕ ಬಾಯಿ ಮುಚ್ಚಿಕೊಂಡಿರಬೇಕು. ನಮ್ಮ ಜಿಲ್ಲೆಯವರಿಗೆ ಇದಕ್ಕಿಂತ ಕಠಿಣ ವ್ರತವಿಲ್ಲ.

ಚನ್ನರಾಯಪಟ್ಟಣದ ಕಡೆಯ ರೈತರೊಬ್ಬರು ತೆಂಗಿನಕಾಯಿ ಸುಲಿಯುವ ಯಂತ್ರದ ಫೋಟೋ ತಂದರು. ಸೊಗಸಾಗಿತ್ತು. ‘ಯಾರಾದರೂ ನೋಡಿದ್ದಾರಾ?’ ಎಂದೆ. ‘ಯಾರು ನೋಡಿಲ್ಲ ಅಂತ ಕೇಳಿ ಸಾರ್! ಸಂತೇಲೇ ಇಟ್ಟು ಸುಲಿದು ತೋರಿಸಿದ್ದೀನಿ. ನಮ್ಮ ಭಾವಮೈದ ಅದನ್ನೇ ನೋಡ್ಕೊಂಡು ಎರಡು ಮಾಡಿ ಮಾರಿದ!’ ಹೇಳುವಾಗ ಅವರ ಮುಖದಲ್ಲಿ ಹೆಮ್ಮೆಯೋ ಹೆಮ್ಮೆ. ಕಾಯ್ದೆಯ ಲೆಕ್ಕದಲ್ಲಿ ಆ ಹೊಸತನ ಸಂತೆಯಲ್ಲೇ ಮುಗಿದುಹೋಗಿತ್ತು.

ಅರಕಲಗೂಡಿನ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳುಂಟು. ಕೊಳವೆಗಳ ತಿರುವನ್ನು ಬದಲಿಸಿ ಸೌದೆ ಉಳಿಸುವ ಉಪಾಯ ಒಬ್ಬರಿಗೆ ಹೊಳೆದಿತ್ತು. ಅವರು ಕೈ ಆಡಿಸಿ, ನೆಲದ ಮೇಲೆ ಗೆರೆ ಎಳೆದು, ಬೆಂಕಿಯ ನಡೆಯನ್ನೇ ನಟಿಸಿ ತೋರಿಸಿದರು. ಅರ್ಜಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬೇಕೆಂಬುದು ನಿಯಮ. ಯಾವುದು ತನ್ನದೆಂದು ಹೇಳುವ ಹಕ್ಕುಬೇಡಿಕೆಯಂತೂ ಎಷ್ಟೇ ಉದ್ದವಾದರೂ ಒಂದೇ ವಾಕ್ಯ. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದೆ: ‘ಸದರಿ ಕೋಣೆಯ ಸದರಿ ಗೋಡೆಗೆ ಹೊಂದಿಕೊಂಡ ಸದರಿ ಕೊಳವೆಯು...’ ಅವರು ಕೊನೆಯವರೆಗೂ ಕೇಳಿಸಿಕೊಂಡು, ‘ಇದು ನಂದೇನಾ ಸಾರ್?’ ಎಂದರು.

ಹೊಳೆನರಸೀಪುರದ ನಿವೃತ್ತ ಮೇಷ್ಟ್ರದು ಇನ್ನೂ ದೊಡ್ಡ ಕನಸು. ಹೇಮಾವತಿಯ ನೀರನ್ನು ಪಂಪು ಮೇಲೆತ್ತುತ್ತದೆ, ಅದೇ ನೀರು ಕೆಳಗೆ ಬಿದ್ದು ಕರೆಂಟು ಕೊಡುತ್ತದೆ, ಅದೇ ಕರೆಂಟಿನಲ್ಲಿ ಪಂಪು ಓಡುತ್ತದೆ. 1970ರ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ ನಿಸರ್ಗ ನಿಯಮಕ್ಕೆ ವಿರುದ್ಧವಾದದ್ದನ್ನು ಒಪ್ಪುವುದಿಲ್ಲ, ಘರ್ಷಣೆಯಲ್ಲೇ ಶಕ್ತಿ ಸೋರಿಹೋಗುತ್ತದೆ ಎಂದೆ. ‘ಎಣ್ಣೆ ಬಿಟ್ಟರೆ ಸರಿಹೋಗುತ್ತೆ ಬಿಡಿ’ ಎಂದರು.

ನಗಬಾರದು. ಇವತ್ತಿನ ಪೇಟೆಂಟ್ ಕಾಯ್ದೆಯ ಪೂರ್ವಜ ನಮ್ಮ ದೇಶಕ್ಕೆ ಬಂದದ್ದು 1856ರಲ್ಲಿ. ಅದರಡಿ ಮೊದಲ ಹಕ್ಕು ಸಿಕ್ಕಿದ್ದು ಕಲ್ಕತ್ತೆಯ ಡಿಪೆನಿಂಗ್ ಎಂಬವರ ಗಾಳಿ ಬೀಸುವ ಪಂಕ ಎಳೆಯುವ ಯಂತ್ರಕ್ಕೆ. ಸೆಕೆಯೂ ಆವಿಷ್ಕಾರದ ತಾಯಿಯೇ. ಹಾಸನದಲ್ಲೇ ಇಸ್ರೋದ ನಿಯಂತ್ರಣ ಕೇಂದ್ರ 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ನಡೆಸುತ್ತದೆ. ಅಲ್ಲಿನ ವಿಜ್ಞಾನಿಗೂ ನಮ್ಮ ಮೇಷ್ಟ್ರಿಗೂ ಇರುವ ಚಪಲ ಒಂದೇ. ಲೆಕ್ಕ ಮಾತ್ರ ಬೇರೆ.

ಬೇಸರವಾದಾಗ ನಾನು ನುಗ್ಗೇಹಳ್ಳಿಗೆ ಹೋಗುತ್ತೇನೆ. ಅಲ್ಲಿಯ ಲಕ್ಷ್ಮೀನರಸಿಂಹ ದೇಗುಲ 1246ರದ್ದು. ಮಲ್ಲಿತಮ್ಮ, ಬೈಚೋಜ ಎಂಬ ಶಿಲ್ಪಿಗಳು ವಿಗ್ರಹಗಳ ಕೆಳಗೆ ತಮ್ಮ ಹೆಸರು ಕೊರೆದಿದ್ದಾರೆ. ಕಸುಬನ್ನು ಬಯಲಲ್ಲೇ ಮಾಡಿದರು, ಕಂಡವರು ಕಲಿತರು, ಹೆಸರು ಉಳಿಯಿತು. ನಾನು ಕೊಡಿಸುವ ಪೇಟೆಂಟಿನ ಆಯುಸ್ಸು ಬರೀ 20 ವರ್ಷ. ಸಂತೆಯಲ್ಲಿ ಯಂತ್ರ ಇಟ್ಟವರು ಈ ಶಿಲ್ಪಿಗಳ ವಂಶದವರೇ ಅನ್ನಿಸಿ ಮನಸ್ಸು ಮೆತ್ತಗಾಗುತ್ತದೆ. ಆದರೆ ಮಲ್ಲಿತಮ್ಮನ ಬೆನ್ನಿಗೆ ದೇಗುಲ ಕಟ್ಟಿಸಿದ ಬೊಮ್ಮಣ್ಣ ದಂಡನಾಯಕನಿದ್ದ. ನಮ್ಮ ರೈತನ ಬೆನ್ನಿಗೆ ಇರುವುದು ಸೊಸೈಟಿ ಸಾಲ.

ಆದ್ದರಿಂದ ನನ್ನ ಬಿನ್ನಹ ಇಷ್ಟೇ. ಹೊಸದೇನಾದರೂ ಮಾಡಿದ್ದರೆ ಮೊದಲು ಒಂದು ಪ್ರಾವಿಷನಲ್ ಅರ್ಜಿ ಹಾಕಿ. ಆನ್‌ಲೈನ್‌ನಲ್ಲಿ ವ್ಯಕ್ತಿಗಳಿಗೆ ಸರ್ಕಾರಿ ಶುಲ್ಕ 1,600 ರೂಪಾಯಿ. ಪೂರ್ಣ ವಿವರ ಕೊಡಲು 12 ತಿಂಗಳ ಅವಕಾಶವಿದೆ. ಅರ್ಜಿಯ ನಂಬರು ಕೈಗೆ ಬಂದ ಮೇಲೆ ಅದೇ ಸಂಜೆ ಊರಿಗೆಲ್ಲ ತೋರಿಸಿ, ನಾನೂ ನೋಡಲು ಬರುತ್ತೇನೆ.