ಯಂತ್ರವೂ ತಾಳವೂ

ನಮ್ಮ ತಾಯಿಯವರಿಗೆ ಈಗ ಎಪ್ಪತ್ತೊಂಬತ್ತು ವರ್ಷ. ಹಸೆಯ ಹಾಡು, ಆರತಿಯ ಹಾಡು, ಬೀಗರನ್ನು ಹಾಸ್ಯಮಾಡುವ ಹಾಡು, ಹೀಗೆ ಅವರ ನಾಲಗೆಯ ಮೇಲಿರುವ ಹಾಡುಗಳು ನಾಲ್ವತ್ತಕ್ಕೆ ಕಡಮೆಯಿಲ್ಲ. ಬಹುಪಾಲು ಅವರ ಅತ್ತೆಯವರಿಂದ ಕೇಳಿ ಕಲಿತವು. ಬರೆದಿಟ್ಟವರಿಲ್ಲ, ನಮ್ಮ ಮನೆಯಲ್ಲಿ ಆಮೇಲೆ ಕಲಿತವರೂ ಇಲ್ಲ. ಇದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕಾಗಿದೆ. ಹೀಗಿರಲಾಗಿ ಸಂಗೀತದಲ್ಲಿ ಆಸಕ್ತಿಯುಳ್ಳ ನಮ್ಮ ಮಗನು, “ಅಪ್ಪ, ಅಜ್ಜಿಯ ಹಾಡುಗಳನ್ನೆಲ್ಲ ಮುದ್ರಿಸಿ, ತಂಬೂರಿ ವೀಣೆ ಸೇರಿಸಿ ಇಟ್ಟುಕೊಳ್ಳೋಣ. ಒಂದು ಒಳ್ಳೆಯ ಲ್ಯಾಪ್‌ಟಾಪ್ ಬೇಕು” ಎಂದಾಗ ನಾವು ಮರುಮಾತಿಲ್ಲದೆ ಒಪ್ಪಿದೆವು.

ಒಪ್ಪಿದುದು ಸರಿ, ಆರಿಸಿದ ರೀತಿ ಸರಿಯಾಗಲಿಲ್ಲ. ಆ ದಿನ ಮಗನಿಗೆ ಪರೀಕ್ಷೆಯಿದ್ದಿತು. ಅಂಗಡಿಗೆ ನಾವೊಬ್ಬರೇ ಹೋಗಿ, ಎಲ್ಲಕ್ಕಿಂತ ಬಲವಾದ ಯಂತ್ರವನ್ನು ಕೊಡಿರೆಂದೆವು. ಅಂಗಡಿಯಾತನು ಕೀಲಿಗಳ ಕೆಳಗೆ ಬಣ್ಣಬಣ್ಣದ ದೀಪ ಉರಿಯುವ ಒಂದನ್ನು ಮುಂದಿಟ್ಟು, “ಇದಕ್ಕಿಂತ ಪವರ್‌ಫುಲ್ ನಮ್ಮಲ್ಲಿ ಬೇರೆ ಇಲ್ಲ ಸಾರ್” ಎಂದನು. ಆತನು ಸುಳ್ಳಾಡಿದನೆಂದು ಹೇಳಲಾರೆವು. ಆಟವಾಡುವವರಿಗೆ ಅದು ನಿಜವಾಗಿಯೂ ಬಲವಾದ ಯಂತ್ರವೇ. ಬೆಲೆಯ ದೊಡ್ಡ ಪಾಲು ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಸಂದಿತು. ಹಾಡಿಗೂ ಆ ಕಾರ್ಡಿಗೂ ಬಹುಮಟ್ಟಿಗೆ ಸಂಬಂಧವೇ ಇಲ್ಲವೆಂಬುದನ್ನು ನಾವು ಆತನನ್ನು ಕೇಳಲಿಲ್ಲ.

ಮೊದಲ ಮುದ್ರಣ ಚೈತ್ರದ ಒಂದು ಸಂಜೆ. ಕಿಟಕಿ ಬಾಗಿಲುಗಳನ್ನು ಹಾಕಿ, ಸೂರಿನ ಫ್ಯಾನನ್ನು ನಿಲ್ಲಿಸಿ, ಬೆವರುತ್ತ ಕುಳಿತೆವು. ತಾಯಿಯವರು ಕಿವಿಗೆ ಹೆಡ್‌ಫೋನ್ ಧರಿಸಿ ಹಸೆಯ ಹಾಡನ್ನು ಎತ್ತಿಕೊಂಡರು. ನಾವು ಮನೆಯ ಫ್ಯಾನನ್ನು ನಿಲ್ಲಿಸಿದ್ದೆವೇ ಹೊರತು ಯಂತ್ರದ ಹೊಟ್ಟೆಯೊಳಗಿನದನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿರಲಿಲ್ಲ. ಅದು ಮೊದಲು ಮೆಲ್ಲಗೆ, ಆಮೇಲೆ ಮಳೆ ಬಂದಂತೆ ಭೋರಿಡತೊಡಗಿತು. ಆದರೂ ಅವರು ಒಂದು ಹಾಡನ್ನು ಹೇಗೋ ಪೂರೈಸಿದರು. ಎರಡನೆಯದನ್ನು ನಡುವೆಯೇ ನಿಲ್ಲಿಸಿ, ಹೆಡ್‌ಫೋನನ್ನು ತೆಗೆದಿಟ್ಟು, ಮೊಮ್ಮಗನಿಗೆ ಹೇಳಿದರು: “ನನ್ನ ಹಿಂದೆ ಇನ್ನೊಬ್ಬಳು ಯಾರೋ ಹಾಡುತ್ತಿದ್ದಾಳಲ್ಲಪ್ಪ, ಅವಳಿಗೆ ತಾಳವೇ ಬಾರದು.”

ಆ ಇನ್ನೊಬ್ಬಳು ಯಾರೆಂಬುದನ್ನು ತಿಳಿಯಲು ನಮಗೆ ವಾರವೇ ಹಿಡಿಯಿತು. ಗಣಕವು ಧ್ವನಿಯನ್ನು ಸೆಕೆಂಡಿಗೆ 48,000 ಚೂರುಗಳಾಗಿ ಅಳೆದು ಬರೆದುಕೊಳ್ಳುತ್ತದೆ. ಚೂರು ಬಂದಂತೆ ಬಂದಂತೆ ಅದನ್ನು ಸಂಸ್ಕರಿಸುವುದಿಲ್ಲ. ಇಷ್ಟೆಂದು ಒಟ್ಟುಮಾಡಿಕೊಂಡು ಒಮ್ಮೆಗೇ ಸಾಗಿಸುತ್ತದೆ. ಆ ಒಟ್ಟಿಗೆ ಬಫರ್ ಎಂದು ಹೆಸರು. ಪಂಕ್ತಿಯಲ್ಲಿ ಸಾರು ಬಡಿಸುವವನನ್ನು ವಾಚಕರು ನೆನೆದುಕೊಳ್ಳಲಿ. ಅವನ ಕೈಯಲ್ಲಿರುವುದು ಚಿಕ್ಕ ಪಾತ್ರೆಯಾದರೆ ಸಾರು ಬೇಗ ಬರುತ್ತದೆ, ಆದರೆ ಅವನು ಮೇಲಿಂದ ಮೇಲೆ ಅಡಿಗೆಮನೆಗೆ ಓಡಬೇಕು. ಒಂದು ಸಲ ಎಡವಿದನೆಂದರೆ ಎಲೆ ಬರಿದಾಗುತ್ತದೆ. ಹಾಡಿನಲ್ಲಿ ಬರಿದಾದ ಎಲೆಯೆಂದರೆ ಚಟಪಟ ಸದ್ದು. ದೊಡ್ಡ ಕೊಳಗವನ್ನು ಹೊತ್ತವನಿಗೆ ಓಡಾಟ ಕಡಮೆ, ಉಣ್ಣುವವನು ಕಾಯುವುದು ಹೆಚ್ಚು. ನಮ್ಮ ಯಂತ್ರವು ಚಿಕ್ಕ ಪಾತ್ರೆಯಲ್ಲಿ ಎಡವುತ್ತಿದ್ದುದರಿಂದ ಮಗನು 2048 ಚೂರುಗಳ ಕೊಳಗವನ್ನೇ ಹೊರಿಸಿದ್ದನು. ಒಳಕ್ಕೆ ಹೋಗಲು ಸುಮಾರು 43 ಮಿಲಿಸೆಕೆಂಡು, ಹೊರಕ್ಕೆ ಬರಲು ಅಷ್ಟೇ. ಒಟ್ಟು 85ರಷ್ಟು ಕಾಲದಲ್ಲಿ ಶಬ್ದವು ಗಾಳಿಯಲ್ಲಿ 95 ಅಡಿ ನಡೆಯುತ್ತದೆ. ಎಂದರೆ ತಾಯಿಯವರ ಧ್ವನಿಯು ಅವರಿಗೇ ಬೀದಿಯಾಚೆಯಿಂದ ಕೇಳಿಸುತ್ತಿದ್ದಿತು! ಅದೇ 256 ಚೂರುಗಳಾದರೆ ಹೋಗಿಬರುವುದಕ್ಕೆ ಹನ್ನೊಂದು ಮಿಲಿಸೆಕೆಂಡು. ಹನ್ನೆರಡು ಅಡಿ ದೂರದಲ್ಲಿ ಕುಳಿತವನ ಮೃದಂಗವನ್ನು ಕೇಳಿದಂತೆ. ಅದಕ್ಕೆ ಯಾರ ತಾಳವೂ ಕೆಡದು.

(ಮೈಕನ್ನು ಸಿಕ್ಕಿಸುವ ಪೆಟ್ಟಿಗೆಯಲ್ಲಿ, ಹಾಡುವವರ ಧ್ವನಿಯನ್ನು ಗಣಕಕ್ಕೆ ಸುತ್ತುಹಾಕಿಸದೆ ನೇರವಾಗಿ ಕಿವಿಗೆ ಕೊಡುವ ಗುಂಡಿಯೊಂದು ಮೊದಲಿಂದಲೂ ಇದ್ದಿತೆಂದು ಆಮೇಲೆ ತಿಳಿಯಿತು. ಆದರೆ ಮಗನು ಕೀಲಿಮಣೆಯಲ್ಲಿ ನುಡಿಸುವ ವೀಣೆಯ ನಾದ ಗಣಕದೊಳಗೇ ಹುಟ್ಟತಕ್ಕದ್ದು. ಅದಕ್ಕೆ ಆ ಗುಂಡಿ ಪ್ರಯೋಜನವಿಲ್ಲ.)

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರು ಗ್ರಾಮಫೋನಿನ ಕೊಳವೆಗೆ ಮುಖವೊಡ್ಡಿ, ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಕುಗ್ಗಿಸಿ ಹಾಡಬೇಕಾಯಿತು. ಮುಂದೆ ಮೈಸೂರಿನಲ್ಲಿಯೇ ತೀರಿಕೊಂಡ ಆ ಗಾಯಕಿ ಯಂತ್ರಕ್ಕೆ ಹೊಂದಿಕೊಂಡರು. ನಮ್ಮ ತಾಯಿಯವರು ಹೊಂದಿಕೊಳ್ಳಲು ಒಪ್ಪಲಿಲ್ಲ. ಯಂತ್ರವನ್ನೇ ಬದಲಾಯಿಸಬೇಕಾಯಿತು.

ಈ ಸಲ ಮಗನೂ ಜೊತೆಗಿದ್ದನು. ಒಂದು ವಾದ್ಯದ ಮೇಲೆ ಸಾಲಾಗಿ ನಡೆಯುವ ಸಂಸ್ಕಾರಗಳನ್ನು ಪ್ರೊಸೆಸರಿನ ಒಂದೇ ಕೋರ್ ಒಂದಾದಮೇಲೊಂದರಂತೆ ಮಾಡಬೇಕಾಗಿರುವುದರಿಂದ, ಕೋರುಗಳೆಷ್ಟು ಎಂಬುದಕ್ಕಿಂತ ಒಂದೊಂದರ ವೇಗವೆಷ್ಟು ಎಂಬುದನ್ನು ಮೊದಲು ವಿಚಾರಿಸಿದೆವು. ನೆನಪಿನ ಶಕ್ತಿ, ಎಂದರೆ ರ‍್ಯಾಮ್, ನಮ್ಮಂಥವರಿಗೆ 16 ಜಿಬಿ ಸಾಕು. ಸಿನಿಮಾದ ವಾದ್ಯಮೇಳವನ್ನೇ ಕಟ್ಟುವವರಿಗೆ 32 ಆದರೂ ಬೇಕಾದೀತು. ಆಪಲ್ ಲ್ಯಾಪ್‌ಟಾಪುಗಳಲ್ಲಿಯೂ ತೆಳುವಾದ ಇತರ ಅನೇಕ ಯಂತ್ರಗಳಲ್ಲಿಯೂ ಇದನ್ನು ಆಮೇಲೆ ಹೆಚ್ಚಿಸುವಂತಿಲ್ಲವಾದುದರಿಂದ, ಕೊಳ್ಳುವ ದಿನವೇ ಲೆಕ್ಕ ಹಾಕತಕ್ಕದ್ದು. ಹಾಡಿಗೆ ಬೇಕಾಗುವ ಜಾಗ ನಾವೆಣಿಸಿದ್ದಕ್ಕಿಂತ ಎಷ್ಟೋ ಕಡಮೆ. ಒಂದು ಮೈಕಿನ 24 ಬಿಟ್ ಮುದ್ರಣಕ್ಕೆ ನಿಮಿಷಕ್ಕೆ ಒಂಬತ್ತು ಎಂಬಿಯೂ ಹಿಡಿಯದು. ಜಾಗವನ್ನು ನುಂಗುವುದು ಕೊಂಡು ತಂದ ವಾದ್ಯನಾದಗಳ ಭಂಡಾರ.

ವಿಂಡೋಸ್ ಯಂತ್ರವಾದರೆ ಮೈಕಿನ ಪೆಟ್ಟಿಗೆಯವರೇ ಕೊಡುವ ಆಸಿಯೋ ಡ್ರೈವರನ್ನು ಹಾಕಿಕೊಳ್ಳಬೇಕು. ಆಪಲ್ಲಿನಲ್ಲಿ ಆ ವ್ಯವಸ್ಥೆ ಒಳಗೇ ಇದೆ. ಲಾಜಿಕ್ ಪ್ರೋ ಎಂಬ ತಂತ್ರಾಂಶವು ಆಪಲ್ಲಿನವರಿಗೆ ಮಾತ್ರ. ರೀಪರ್ ಎರಡು ಕಡೆಯೂ ನಡೆಯುತ್ತದೆ. ಮಗನಿಗೆ ಅಭ್ಯಾಸವಾಗಿದ್ದುದು ರೀಪರ್.

ಕೊನೆಗೆ ಆರಿಸಿದುದು ಒಂದು ಮ್ಯಾಕ್‌ಬುಕ್ ಏರ್. 2020ರ ಎಂ1 ಬಂದಂದಿನಿಂದ ಅದರೊಳಗೆ ಫ್ಯಾನೇ ಇಲ್ಲ. ಬಹಳ ಹೊತ್ತು ಭಾರ ಹೊರಿಸಿದರೆ ಕಾದು ನಿಧಾನವಾಗುತ್ತದೆಂಬ ದೋಷವುಂಟು. ಆದರೆ ಒಂದು ಕಂಠ, ಒಂದು ವೀಣೆ, ಒಂದು ತಂಬೂರಿಯ ಭಾರವೆಷ್ಟು? ದೀಪದ ಯಂತ್ರವನ್ನು ಮಾರಿದಾಗ ಕೊಟ್ಟ ಹಣದ ಮೂರರಲ್ಲಿ ಒಂದು ಪಾಲು ಹೋಯಿತು. ನಮ್ಮ ಮನೆಯವರು ಅದನ್ನು ಇನ್ನೂ ಮರೆತಿಲ್ಲ, ನಮಗೂ ಮರೆಯಗೊಡುವುದಿಲ್ಲ.

ಹಣಕ್ಕಿಂತ ಹೆಚ್ಚಾಗಿ ಹೋದುದು ಕಾಲ. ಈ ಮಾರಾಟ, ಹುಡುಕಾಟಗಳಲ್ಲಿ ನಾಲ್ಕು ತಿಂಗಳು ಕಳೆದುವು. ಮಳೆಗಾಲದಲ್ಲಿ ತಾಯಿಯವರಿಗೆ ಹಿಡಿದ ಕೆಮ್ಮು ಬಿಟ್ಟಿತು, ಆದರೆ ಧ್ವನಿ ಒಂದು ಮೆಟ್ಟಲು ಕೆಳಗಿಳಿಯಿತು. ಈಗ ಮೂವತ್ತೊಂದು ಹಾಡುಗಳು ಮುದ್ರಣವಾಗಿವೆ. ತಂಬೂರಿಯ ಶ್ರುತಿಯನ್ನು ಅವರಿಗೆ ಬೇಕಾದಷ್ಟು ಇಳಿಸಿ, ನೆರೆಯವರ ಮಿಕ್ಸಿ ಮಲಗಿದ ಹೊತ್ತಿನಲ್ಲಿ ಹಾಡಿಸಿದೆವು. ಹಸೆಯ ಹಾಡನ್ನೂ ಮತ್ತೆ ಹಾಡಿದರು. ಮೇಲಿನ ಷಡ್ಜಕ್ಕೆ ಹೋಗುವಲ್ಲಿ ಕೈಯಾಡಿಸಿ ಕೆಳಗಿನಿಂದಲೇ ಹಿಂದಿರುಗಿದರು.

ಚೈತ್ರದ ಆ ಮೊದಲ ಮುದ್ರಣದಲ್ಲಿ ಅವರು ಆ ಷಡ್ಜವನ್ನು ಮುಟ್ಟಿ ನಿಂತಿದ್ದಾರೆ. ಮಗನು ಅದರ ಫ್ಯಾನಿನ ಸದ್ದನ್ನು ತೆಗೆಯಲು ಮೂರು ರಾತ್ರಿ ಕುಳಿತನು. ಸದ್ದಿನೊಡನೆ ಅವರ ಉಸಿರೂ ಕಳಚಿಹೋಗುವುದನ್ನು ಕಂಡು ಕೈಬಿಟ್ಟನು. ಅದನ್ನು ಭೋರಿಡುವಂತೆಯೇ ಇಟ್ಟುಕೊಂಡಿದ್ದೇವೆ.